ಸುರಿದ ಕತೆ ಎಲ್ಲರೂ ಬರೀತೀವಿ, ತುಂಡಾದ ಕತೆ?

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ವಂಡ್ಸೆ, ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗೋ ದಾರಿಯಲ್ಲಿ. ಅಮ್ಮನಿಗೆ ಈಚೆಗೆ ಮರೆವು ಜಾಸ್ತಿ. ನೆಂಟರೊಬ್ಬರು ಒಂದು ಪುಡಿ ಡಬ್ಬಿ ತಂದುಕೊಟ್ಟಿದ್ದರು. "ಇದ್ರಂಗೆ ಮಿದುಳಿನ ಪೆಪ್ಟೈಡ್ ಇತ್ತ್ ಮಾರಾಯಾ, ಹಾಲಿಗೆ ಹಾಕಿ ಕುಡುದ್ರೆ ಸೈ." ಬೆಲೆ ಕೇಳಿ ನನ್ನ ತಲೆ ತಿರುಗಿತು.

ನನಗೆ ಸಿಟ್ಟು ಬಂದದ್ದು ನೆಂಟರ ಮೇಲಲ್ಲ, ನಮ್ಮ ಮೇಲೆ. ನಕ್ಕರೆ ಎಂಡಾರ್ಫಿನ್ ಸುರಿಯುತ್ತೆ, ಅಪ್ಪಿಕೊಂಡರೆ ಆಕ್ಸಿಟೋಸಿನ್ ಉಕ್ಕುತ್ತೆ ಅಂತ ಬರೆದು ಬರೆದು ಜನರನ್ನ ನಂಬಿಸಿದ್ದು ನಾವೇ ತಾನೆ? (ನಾನೂ ಬರೆದಿದ್ದೀನಿ, ತಪ್ಪಾಯ್ತು.) ಸುರಿದದ್ದು ಆಮೇಲೆ ಏನಾಯ್ತು ಅಂತ ಒಬ್ಬರಾದ್ರೂ ಬರೆದ್ವಾ?

1975ರಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಎನ್ಕೆಫಲಿನ್ ಬೇರ್ಪಡಿಸಿದರು. ಐದೇ ಅಮೈನೊ ಆಮ್ಲಗಳ ಸರ, ನೋವು ತಗ್ಗಿಸುತ್ತೆ. ಆದರೆ ಹೊರಬಿದ್ದ ಕೂಡಲೇ ಕಿಣ್ವಗಳು ಕತ್ತರಿ ಹಿಡಿದು ಕಾದಿರುತ್ತವೆ. ಅಮಿನೊಪೆಪ್ಟಿಡೇಸ್ ಮೊದಲ ಮಣಿ ಕೀಳುತ್ತೆ, ನೆಪ್ರಿಲೈಸಿನ್ ಮೂರು-ನಾಲ್ಕನೇ ಮಣಿಗಳ ನಡುವೆ ಕತ್ತರಿಸುತ್ತೆ. ಆಮೇಲೆ ನೋವು ತಗ್ಗಿಸೋ ಗುಣ ಇಲ್ಲ. ಹಾಗಂತ ತುಂಡೆಲ್ಲ ಕಸವೂ ಅಲ್ಲ. ಡೈನಾರ್ಫಿನ್ ತುಂಡಾದರೆ ಎನ್ಕೆಫಲಿನ್ನೇ ಹುಟ್ಟಬಹುದು!

ಅದಕ್ಕೇ "ಎಷ್ಟಿದೆ" ಅನ್ನೋ ಪ್ರಶ್ನೆ ಸಾಲದು, "ಯಾವ ತುಂಡು" ಅಂತ ಕೇಳಬೇಕು. ಪ್ರತಿಕಾಯ ಬಳಸಿ ಅಳೆಯೋ ಪರೀಕ್ಷೆ ಎಷ್ಟೋ ಸಲ ತುಂಡನ್ನೂ ಇಡೀ ಸರ ಅಂತಲೇ ಲೆಕ್ಕ ಹಾಕುತ್ತೆ. ಮೊದಲು ಬೇರ್ಪಡಿಸಬೇಕು.

ಹೇಗೆ? ಹೈಸ್ಕೂಲಲ್ಲಿ ಸೀಮೆಸುಣ್ಣಕ್ಕೆ ಕಪ್ಪು ಶಾಯಿ ಹಚ್ಚಿ ನೀರಲ್ಲಿ ನಿಲ್ಲಿಸಿದ್ದು ನೆನಪಿದೆಯಾ? ನೀರು ಏರಿದಂತೆ ಬಣ್ಣಗಳು ಬೇರೆ ಬೇರೆ. ಕಳೆದ ಶತಮಾನದ ಆರಂಭದಲ್ಲಿ ರಷ್ಯಾದ ಸ್ವೆಟ್ ಎಲೆಯ ಬಣ್ಣಗಳನ್ನ ಬಿಡಿಸಿದ್ದೂ ಸುಣ್ಣದ ಪುಡಿಯಲ್ಲೇ. ಎಚ್‌ಪಿಎಲ್‌ಸಿ ಅದರ ಮೊಮ್ಮಗ. ಸಣ್ಣ ಉಕ್ಕಿನ ಕೊಳವೆ, ಒಳಗೆ ಜಿಡ್ಡಿನ ಲೇಪದ ಸಿಲಿಕಾ ಕಣಗಳು, ಒತ್ತಡದಲ್ಲಿ ಹರಿಯೋ ದ್ರವ. ಜಿಡ್ಡಿಗೆ ಅಂಟೋ ತುಂಡು ತಡವಾಗಿ ಬರುತ್ತೆ, ಅಂಟದ್ದು ಬೇಗ. ಹೊರಬಂದದ್ದನ್ನ ಮಾಸ್ ಸ್ಪೆಕ್ಟ್ರೋಮೀಟರ್ ತೂಗಿ ಗುರುತು ಹೇಳುತ್ತೆ.

ಕತ್ತರಿ ಸಾವಿನ ನಂತರವೂ ನಿಲ್ಲಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕೇ ಇದೆ. ಅಂಥ ಕಡೆ ಸಾವಿಗೂ ಮಿದುಳನ್ನ ಶೈತ್ಯದಲ್ಲಿಡೋದಕ್ಕೂ ನಡುವಿನ ಗಂಟೆಗಳು ಮುಖ್ಯವಾಗೋದು ಇದಕ್ಕೂ ಹೌದು.

"ಹಾಗಾದ್ರೆ ಕತ್ತರಿಯನ್ನೇ ತಡೆದರಾಯ್ತಲ್ಲ?" ಅನ್ನಬೇಡಿ. ಭೇದಿಗೆ ಕೊಡೋ ರೇಸಿಕಾಡೋಟ್ರಿಲ್ ಕರುಳಲ್ಲಿ ಮಾಡೋದು ಅದನ್ನೇ, ನಿಜ. ಆದರೆ ಆಲ್ಜೈಮರ್ಸ್‌ನಲ್ಲಿ ಗಡ್ಡೆಕಟ್ಟೋ ಅಮಿಲಾಯ್ಡ್ ಬೀಟಾವನ್ನ ಕತ್ತರಿಸೋದೂ ಇದೇ ನೆಪ್ರಿಲೈಸಿನ್. ಕಣ್ಣುಮುಚ್ಚಿ ತಡೆಯೋ ಹಾಗಿಲ್ಲ ಸ್ವಾಮೀ.

ಇನ್ನು ಪುಡಿ! ಹೊಟ್ಟೆ, ಕರುಳಿನ ತುಂಬ ಕತ್ತರಿಗಳೇ. ಬೇಳೆಗೂ ಬಂಗುಡೆಗೂ ಆಗೋ ಗತಿಯೇ ಅದಕ್ಕೂ. ಅಪ್ಪಿತಪ್ಪಿ ಉಳಿದರೂ ರಕ್ತದಿಂದ ಮಿದುಳಿಗೆ ದಾಟೋಕೆ ಇನ್ನೊಂದು ತಡೆಗೋಡೆ.

ಮರೆವು ಬಿ12 ಕೊರತೆಯಿಂದ, ಥೈರಾಯ್ಡ್‌ನಿಂದಲೂ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ಡಬ್ಬಿ ನಂಬಿ ಅಮ್ಮ ಮೂರು ತಿಂಗಳು ಪರೀಕ್ಷೆಗೇ ಹೋಗಿರಲಿಲ್ಲ. ನನ್ನ ಹೊಟ್ಟೆ ಉರಿದದ್ದು ದುಡ್ಡಿಗಲ್ಲ, ಆ ಮೂರು ತಿಂಗಳಿಗೆ. ಈ ವಾರ ಕರ್ಕೊಂಡು ಹೋಗ್ತಿದ್ದೀನಿ.

ಗೆಳೆಯರೇ, ಮುಂದಿನ ಸಲ "ಸುರಿಯುತ್ತೆ" ಅಂತ ಬರೆಯೋವಾಗ ಇನ್ನೊಂದು ಸಾಲು ಸೇರಿಸಿ: ಅಳೆದದ್ದು ಹೇಗೆ, ಉಳಿದದ್ದು ಎಷ್ಟು ಹೊತ್ತು. ಒಪ್ಪದಿದ್ರೆ ಜಗಳಕ್ಕೆ ಬನ್ನಿ, ನಾನಿಲ್ಲೇ ಇರ್ತೀನಿ :-)