ತಾಂಡಾಕ್ಕೆ ಪ್ರವಾಸಿಗರು ಬಂದರೆ ಕೆಡುಕೇನು?

ಹಂಪಿ ನೋಡಲು ಬಂದವರನ್ನು ಸಂಡೂರಿನ ಲಂಬಾಣಿ ತಾಂಡಾಗಳಿಗೂ ಕರೆದೊಯ್ಯೋಣ, ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ನಾಲ್ಕು ಕಾಸು ಸಿಗಲಿ ಎಂದರೆ ಸಾಕು, ಆಕ್ಷೇಪ ಶುರುವಾಗುತ್ತದೆ. ಆಕ್ಷೇಪಿಸುವವರಲ್ಲಿ ಹೆಚ್ಚಿನವರು ತಾಂಡಾದ ಹಿತ ಬಯಸುವವರೇ. ಹಾಗಾಗಿ ಅವರ ಮಾತಿಗೆ ಉತ್ತರ ಕೊಡಲೇಬೇಕು.

ಹೆಣ್ಣುಮಕ್ಕಳನ್ನು ಪ್ರದರ್ಶನದ ಗೊಂಬೆ ಮಾಡುತ್ತೀರಿ ಎನ್ನುತ್ತಾರೆ. 2023ರ ಜುಲೈನಲ್ಲಿ ಜಿ20 ಸಭೆಯ ಹೊತ್ತಿಗೆ ಹಂಪಿಯಲ್ಲಿ 450ಕ್ಕೂ ಹೆಚ್ಚು ಮಹಿಳೆಯರ ಕೈಕೆಲಸದ 1755 ಕಸೂತಿಗಳನ್ನು ಒಟ್ಟಿಗಿಟ್ಟು ಗಿನ್ನೆಸ್ ದಾಖಲೆ ಮಾಡಿದ್ದನ್ನು ನೆನಪಿಸುತ್ತಾರೆ. ದಾಖಲೆಯಿಂದ ಒಲೆ ಉರಿಯುವುದಿಲ್ಲ, ಒಪ್ಪಿದೆ. ಫೇಟಿಯಾ ಲಂಗ, ಕಾಂಚಳಿ ರವಿಕೆ ತೊಡಿಸಿ, ಕುಣಿಸಿ, ಫೋಟೊ ತೆಗೆದು ಬಸ್ಸು ಹತ್ತುವ ಪ್ರವಾಸಕ್ಕೆ ನನ್ನ ವಿರೋಧವೂ ಇದೆ. ಆದರೆ ತಾಂಡಾದಲ್ಲಿ ಕಸೂತಿ ಕಲಿಯಲು ಕೂತ ಪ್ರವಾಸಿಗರ ವಿಷಯ ಬೇರೆ. ಉಗುರಗಲದ ಕನ್ನಡಿಯನ್ನು ಬಟ್ಟೆಯ ಮೇಲಿಟ್ಟು, ಅಡ್ಡಕ್ಕೂ ಉದ್ದಕ್ಕೂ ಎಳೆ ಬಿಗಿದು, ಆ ಎಳೆಗಳಿಗೇ ದಾರ ಕೊಕ್ಕೆ ಹಾಕುತ್ತ ಸುತ್ತಲೂ ಹೊಲಿದುಕೊಂಡು ಬರಬೇಕು. ಎಳೆ ಸಡಿಲಾದರೆ ಕನ್ನಡಿ ಜಾರುತ್ತದೆ, ಜಾಸ್ತಿ ಬಿಗಿದರೆ ಬಟ್ಟೆ ಮುದುಡುತ್ತದೆ. ಒಂದು ಕನ್ನಡಿ ಕೂರಿಸುವಷ್ಟರಲ್ಲಿ ಬೆರಳಿಗೆ ನಾಲ್ಕು ಸಲ ಸೂಜಿ ಚುಚ್ಚಿಸಿಕೊಂಡವರಿಗೆ ಚೀಲದ ಬೆಲೆಯಲ್ಲಿ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ಕಲಿಸುವವಳನ್ನು ಅವರು ‘ಅಕ್ಕಾ, ಇದು ಸರಿಯಾಯ್ತಾ?’ ಎಂದು ಕೇಳುತ್ತಾರೆ.

ಹಣವೆಲ್ಲ ಮಧ್ಯವರ್ತಿಯ ಪಾಲು ಎಂಬುದು ಇದಕ್ಕಿಂತ ತೂಕದ ಮಾತು. ಆದರೆ ಮಧ್ಯವರ್ತಿ ಕೊಬ್ಬುವುದು ಎಲ್ಲಿ? ಕಸೂತಿ ತಾಂಡಾದಿಂದ ಕೈ ಬದಲಿಸುತ್ತ ನಗರದ ಮಳಿಗೆ ಸೇರುವಲ್ಲಿ. ಹೊಲಿದವಳಿಗೆ ಪೀಸ್ ಲೆಕ್ಕದ ಕೂಲಿ ಗೊತ್ತು, ಮಾರಿದ ಬೆಲೆ ಗೊತ್ತಿಲ್ಲ. ಗಿರಾಕಿ ಅವಳ ಮನೆಯ ಕಟ್ಟೆಗೇ ಬಂದರೆ ಬೆಲೆ ಅವಳ ಕಿವಿಗೇ ಬೀಳುತ್ತದೆ, ಮುಂದಿನ ಸಲ ಕೂಲಿಯ ಮಾತು ಬಂದಾಗ ಅವಳ ದನಿ ಬದಲಾಗುತ್ತದೆ. ಇಷ್ಟಾಗಿಯೂ ರೆಸಾರ್ಟಿನವರು ‘ಹಳ್ಳಿ ದರ್ಶನ’ಕ್ಕೆ ಹಣ ಪಡೆದು, ತಾಂಡಾಕ್ಕೆ ಚಿಲ್ಲರೆ ಬಿಡುವ ಅಪಾಯ ಇದ್ದೇ ಇದೆ. ಅದಕ್ಕೆ ಕಲಿಸಿದ ಗಂಟೆಗೆ ಇಷ್ಟು ಎಂದು ಮಹಿಳಾ ಸಂಘವೇ ದರ ಗೊತ್ತುಮಾಡಬೇಕು, ದುಡ್ಡು ಸಂಘದ ಖಾತೆಗೇ ಬೀಳಬೇಕು. ಜಗಳ ಆಡುವುದಿದ್ದರೆ ಈ ದರದ ಬಗ್ಗೆ ಆಡೋಣ. ನಾನೂ ಜೊತೆಗೆ ನಿಲ್ಲುತ್ತೇನೆ.

ಮೊಬೈಲ್ ಪೌಚು, ದಿಂಬಿನ ಕವರು ಹೊಲಿಸಿ ಕಲೆ ಕೆಡಿಸುತ್ತಾರೆ ಎನ್ನುವವರು ತಾಂಡಾದ ಹುಡುಗಿಯರು ಇಂದು ಏನು ಉಡುತ್ತಾರೆಂದು ನೋಡಲಿ. ಕಾಂಚಳಿ ಪೆಟ್ಟಿಗೆ ಸೇರಿದೆ, ತೀಜ್‌ಗೋ ಮದುವೆಗೋ ಹೊರಬರುತ್ತದೆ. ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಈ ಹೊಲಿಗೆಯನ್ನು ಮಾರುವಂಥ ವಸ್ತುಗಳ ಮೇಲೆ ತಂದಿದ್ದರಿಂದಲೇ ಕಿಲನ್, ವೇಲೆ, ನಕ್ರಾ ಹೊಲಿಗೆಗಳು ಇನ್ನೂ ಕೈಯಲ್ಲಿವೆ. 2010ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದೂ ಹೀಗೆ ಉಳಿದ ಕಲೆಗೇ.

ಪ್ರವಾಸೋದ್ಯಮ ನಂಬಿಕೆಯದ್ದಲ್ಲ, ಕೊರೊನಾದಲ್ಲಿ ನೋಡಲಿಲ್ಲವೇ ಎಂಬ ಪ್ರಶ್ನೆಯೂ ಇದೆ. ನೋಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿಯ ಗಣಿಗಳು ನಿಂತಾಗ ಕೂಲಿ ಒಮ್ಮೆಲೇ ಹೋಗಿದ್ದನ್ನೂ ನೋಡಿದ್ದೇವೆ. ಇತ್ತ ಮಳೆ ಕೈಕೊಟ್ಟ ವರ್ಷ ತಾಂಡಾಕ್ಕೆ ತಾಂಡಾವೇ ಕಬ್ಬು ಕಡಿಯಲು ಗುಳೆ ಹೋಗುತ್ತದೆ, ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ಪ್ರವಾಸೋದ್ಯಮವೊಂದನ್ನೇ ನಂಬಿ ಬದುಕಿ ಎಂದು ಯಾರೂ ಹೇಳುತ್ತಿಲ್ಲ. ಪ್ರವಾಸಿಗರು ಬಾರದ ಬೇಸಿಗೆಯಲ್ಲಿ ಹೊಲಿದಿಟ್ಟ ಕಸೂತಿ ಟೊಮೆಟೊ ಥರ ಕೊಳೆಯುವುದಿಲ್ಲ, ದಸರಾ ಕಳೆದ ಮೇಲೂ ಮಾರಬಹುದು.

ಮನೆಗೆಲಸದ ಮೇಲೆ ಇದೂ ಒಂದು ಹೊರೆ ಎಂಬುದು ನಿಜ. ಅತಿಥಿಗಳಿಗೆ ರೊಟ್ಟಿ ತಟ್ಟುವುದು, ಅಂಗಳ ಗುಡಿಸುವುದು ಎಲ್ಲವೂ ಅವಳ ತಲೆಗೇ ಬಂದರೆ ಕಸೂತಿಗೆ ಕೈ ಎಲ್ಲಿರುತ್ತದೆ? ಆ ಕೆಲಸಕ್ಕೂ ಕೂಲಿ ಸಿಗಬೇಕು, ಗಂಡಸರೂ ಕೈ ಹಾಕಬೇಕು. ಪ್ರವಾಸಿಗರು ಯಾವ ದಿನ ಬರಬೇಕು, ಎಷ್ಟು ಜನ ಬರಬೇಕು ಎಂಬುದನ್ನು ಸಂಘದ ಸಭೆಯಲ್ಲಿ ಹೆಂಗಸರೇ ಗೊತ್ತುಮಾಡಲಿ. ಬೇಡ ಎಂದವರ ಮನೆ ಮುಂದೆ ಗಾಡಿ ನಿಲ್ಲುವುದು ಬೇಡ.