ಗೃಹವೈದ್ಯ: ಒಡೆದ ಮೊಣಕಾಲ ಚಿಪ್ಪು

ಶಹಾಬಾದಿನ ಫರಸಿ ಕಲ್ಲು ನಮ್ಮ ಸೀಮೆಯ ಸಾವಿರಾರು ಕುಟುಂಬಗಳಿಗೆ ಅನ್ನವನ್ನು ಕೊಟ್ಟಿದೆ. ಸೇಡಮ್, ಚಿತ್ತಾಪುರ, ವಾಡಿ, ಚಿಂಚೋಳಿಗಳ ಮನೆಗಳಿಗೆ ನೆಲವನ್ನೂ ಮೆಟ್ಟಿಲನ್ನೂ ಕೊಟ್ಟಿದೆ. ಆದರೆ ಮಳೆಗಾಲದಲ್ಲಿ ನೆನೆದ ಆ ಹಾಸುಗಲ್ಲಿನ ಮೇಲೆ ಜಾರಿ ಮೊಣಕಾಲೂರಿ ಬಿದ್ದವರಿಗೆ ಅದು ಎಷ್ಟು ನಿರ್ದಯವೆಂಬುದೂ ತಿಳಿದಿದೆ. ಬಚ್ಚಲಲ್ಲಿ ಬಿದ್ದ ವೃದ್ಧರು, ಗಣಿಯಲ್ಲಿ ಕಲ್ಲು ಹೊರುವವರು, ಸಿಮೆಂಟಿನ ಲಾರಿಗಳ ನಡುವೆ ಮೋಟಾರು ಸೈಕಲ್ಲಿನಿಂದ ಉರುಳಿದ ತರುಣರು, ಎಲ್ಲರಿಗೂ ಒದಗಬಹುದಾದ ವಿಪತ್ತು ಇದು.

ಮೊಣಕಾಲ ಚಿಪ್ಪು ಇತರ ಎಲುಬುಗಳಂತಲ್ಲ. ತೊಡೆಯ ಮುಂಭಾಗದ ಬಲವಾದ ಮಾಂಸಖಂಡವು ಅದರ ಮೇಲಂಚನ್ನು ಹಿಡಿದಿದೆ. ಕೆಳಗಿನಿಂದ ಒಂದು ದಪ್ಪ ಕಟ್ಟು ಅದನ್ನು ಮುಂಗಾಲಿನ ಎಲುಬಿಗೆ ಬಿಗಿದಿದೆ. ಬಾವಿಯ ರಾಟೆಯು ಹಗ್ಗಕ್ಕೆ ನೆರವಾಗುವಂತೆ ಈ ಚಿಪ್ಪು ಕಾಲನ್ನು ನೆಟ್ಟಗೆ ಚಾಚುವುದಕ್ಕೆ ನೆರವಾಗುತ್ತದೆ. ಅದು ಅಡ್ಡಲಾಗಿ ಎರಡು ತುಂಡಾದರೆ ತೊಡೆಯ ಮಾಂಸಖಂಡವು ಮೇಲಿನ ತುಂಡನ್ನು ಸದಾ ಮೇಲಕ್ಕೆ ಸೆಳೆಯುತ್ತಿರುತ್ತದೆ. ಹೊರಗಿನಿಂದ ಎಷ್ಟು ಬಿಗಿದು ಕಟ್ಟಿದರೂ ಆ ಸೆಳೆತವು ನಿಲ್ಲದು.

ನಮ್ಮಲ್ಲಿ ಎಲುಬು ಮುರಿದರೆ ಮೊದಲು ನೆನಪಾಗುವವರು ಪಟ್ಟು ಹಾಕಿ ಕಟ್ಟುವ ನಾಟಿ ವೈದ್ಯರು. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಿದಿರ ದಬ್ಬೆಯಿಂದ ಮುಂಗೈ ಕಟ್ಟಿಸಿಕೊಂಡು ನೆಟ್ಟಗಾದವರು ಊರೂರಿನಲ್ಲಿದ್ದಾರೆ. ಆದರೆ ಪ್ರಾಚೀನರ ಹೆಸರಿನಲ್ಲಿ ಚಿಪ್ಪನ್ನೂ ಕಟ್ಟಿಸತಕ್ಕದ್ದೆಂದು ವಾದಿಸುವವರು ಸುಶ್ರುತಸಂಹಿತೆಯನ್ನು ತೆರೆದು ನೋಡಬೇಕು. ಆ ಗ್ರಂಥವು ಜಾನುವಿನ ಎಲುಬನ್ನು ತಲೆಯ ಎಲುಬಿನೊಡನೆ ಕಪಾಲಾಸ್ಥಿಗಳ ವರ್ಗಕ್ಕೆ ಸೇರಿಸಿದೆ. ನಳಿಕೆಯಂತಹ ಎಲುಬು ಮುರಿಯುತ್ತದೆ, ಕಪಾಲವು ಸೀಳಿ ಒಡೆಯುತ್ತದೆ ಎಂದು ಭೇದವನ್ನು ಹೇಳಿದೆ. ಆಲ, ಅರಳಿ, ಅತ್ತಿಗಳ ತೊಗಟೆಯ ದಬ್ಬೆಗಳನ್ನೂ ಅತಿ ಬಿಗಿಯಾದ ಕಟ್ಟಿನಿಂದಾಗುವ ಬಾವು, ನೋವು, ಕೀವುಗಳನ್ನೂ ವಿವರಿಸಿದ ಆ ಆಚಾರ್ಯನೇ, ಕೂಡಿಕೊಳ್ಳದೆ ಬೇರ್ಪಟ್ಟ ಕಪಾಲವನ್ನು ವೈದ್ಯನು ಕೈಬಿಡತಕ್ಕವುಗಳ ಸಾಲಿನಲ್ಲಿ ಇರಿಸಿದ್ದಾನೆ. ಅಂದಿಗೆ ಅಸಾಧ್ಯವೆಂದು ಬಿಟ್ಟದ್ದು ಇಂದು ಸಾಧ್ಯವಾಗಿರುವಾಗ ಕಟ್ಟನ್ನೇ ನಂಬಿ ಕುಳಿತಿರುವುದು ಶಾಸ್ತ್ರಕ್ಕೂ ವಿರೋಧವೇ.

ಬಿದ್ದವರು ಮಲಗಿ, ಮೊಣಕಾಲನ್ನು ಮಡಿಸದೆ, ಹಿಮ್ಮಡಿಯನ್ನು ಹಾಸಿಗೆಯಿಂದ ತಾವಾಗಿಯೇ ಎತ್ತಬಲ್ಲರೇ ಎಂಬುದು ಮುಖ್ಯವಾದ ಗುರುತು. ಎತ್ತಲಾಗದಿದ್ದರೆ, ಅಥವಾ ಚಿಪ್ಪಿನ ನಡುವೆ ಬೆರಳಿಗೆ ಕಂದಕದಂತೆ ತೋರಿದರೆ, ತುಂಡುಗಳು ಅಗಲಿವೆಯೆಂದು ಶಂಕಿಸಬೇಕು. ಎತ್ತಿದರೂ ಕ್ಷ-ಕಿರಣದ ಚಿತ್ರವನ್ನು ತೆಗೆಸದೆ ಇರಕೂಡದು. ನೋವಿನಿಂದ ಪ್ರಯತ್ನಿಸಲಾರದವರನ್ನು ಬಲವಂತಪಡಿಸುವುದೂ ಬೇಡ.

ಮನೆಯವರ ಕರ್ತವ್ಯ ಸ್ವಲ್ಪವೇ. ಕಾಲನ್ನು ನೆಟ್ಟಗಿರಿಸಿ, ತೊಡೆಯಿಂದ ಪಾದದವರೆಗೆ ಅಡಿಯಲ್ಲಿ ಹಲಗೆಯಿಟ್ಟು ಮೆತ್ತಗಿನ ಬಟ್ಟೆಯಿಂದ ಸಡಿಲವಾಗಿ ಕಟ್ಟಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಇಡಬಹುದು. ಎಣ್ಣೆ ತಿಕ್ಕುವುದು, ಕಾಲನ್ನು ಮಡಿಸಿ ನೋಡುವುದು ಸರ್ವಥಾ ಕೂಡದು. ಚರ್ಮವು ಹರಿದಿದ್ದರೆ ಸಂಧಿಯೊಳಗೆ ಮಣ್ಣು ಸೇರಿ ಕೀವಾಗುವ ಭಯವಿದೆ. ಆಗ ಒಂದು ರಾತ್ರಿಯೂ ತಡೆಯದೆ 108ನ್ನು ಕರೆದು ಕಲಬುರಗಿಗೆ ಹೊರಡಬೇಕು. ಚಿತ್ತಾಪುರ, ಸೇಡಮಿನವರಿಗೆ 1874ರಲ್ಲಿ ತೆರೆದ ಹೈದರಾಬಾದಿನ ರೈಲುದಾರಿಯು ವಾಡಿಯ ಮೂಲಕ ಒದಗುತ್ತದೆ. ರೈಲಿಲ್ಲದ ಚಿಂಚೋಳಿಯವರು ವಾಹನವನ್ನು ಬೇಗನೆ ಗೊತ್ತುಮಾಡಿಕೊಳ್ಳಬೇಕು. ಕಲಬುರಗಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಬಸವೇಶ್ವರ ಆಸ್ಪತ್ರೆಯೂ ವಿಮೆಯುಳ್ಳ ಕಾರ್ಮಿಕರಿಗೆ ಇ.ಎಸ್.ಐ. ಆಸ್ಪತ್ರೆಯೂ ಇವೆ. ಪಡಿತರ ಚೀಟಿಯನ್ನು ಮರೆಯದೆ ಒಯ್ಯಿರಿ.

ಚಿಪ್ಪು ಬಿರಿದಿದ್ದರೂ ತುಂಡುಗಳು ಅಗಲದಿದ್ದರೆ ಶಸ್ತ್ರವು ಬೇಕಾಗದು. ನಾಲ್ಕರಿಂದ ಆರು ವಾರ ಕಾಲನ್ನು ನೆಟ್ಟಗಿರಿಸುವ ಕಟ್ಟೇ ಸಾಕು. ಅಗಲಿದ್ದರೆ ತಂತಿಯಿಂದ ಹೊಲಿಯಬೇಕು. 1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರನು ಮೊಣಕಾಲನ್ನು ತೆರೆದು ಬೆಳ್ಳಿಯ ತಂತಿಯಿಂದ ಚಿಪ್ಪನ್ನು ಕೂಡಿಸಿದಾಗ, ಸಂಧಿಯನ್ನು ಕೊಯ್ಯುವುದೇ ಸಾಹಸವೆಂದು ಅನೇಕ ವೈದ್ಯರು ಹೆದರಿದ್ದರು. ಮುಂದೆ ಒಡೆದ ಚಿಪ್ಪನ್ನು ತೆಗೆದುಹಾಕಿಬಿಡುವ ಪದ್ಧತಿಯೂ ಬಂದಿತು. ಕಾಲಿನ ಬಲವು ಕುಂದುವುದನ್ನು ಕಂಡು ಈಗ ಆದಷ್ಟೂ ಉಳಿಸುತ್ತಾರೆ. ಎರಡು ಉಕ್ಕಿನ ಕಡ್ಡಿಗಳನ್ನು ತೂರಿಸಿ, ತಂತಿಯನ್ನು ಇಂಗ್ಲಿಷಿನ ಎಂಟರ ಅಂಕೆಯಂತೆ ಸುತ್ತಿ ಬಿಗಿಯುತ್ತಾರೆ. ಕಾಲನ್ನು ಮಡಿಸುವಾಗ, ತುಂಡುಗಳನ್ನು ಅಗಲಿಸಬೇಕಾದ ಸೆಳೆತವೇ ಅವುಗಳನ್ನು ಒಂದಕ್ಕೊಂದು ಒತ್ತುವಂತೆ ಮಾಡುವ ಈ ಯುಕ್ತಿ ನಿಜವಾಗಿಯೂ ಮೆಚ್ಚತಕ್ಕದ್ದು.

ಕಟ್ಟು ಬಿಚ್ಚಿದ ಕೂಡಲೇ ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಆತುರ ಬೇಡ. ತೊಡೆಯು ಸೊರಗಿ, ಮೊಣಕಾಲು ಬಿಗಿದುಕೊಂಡಿರುತ್ತದೆ; ವೈದ್ಯರು ತೋರಿಸಿದ ವ್ಯಾಯಾಮವನ್ನು ದಿನದಿನವೂ ತಿಂಗಳುಗಟ್ಟಲೆ ಮಾಡಬೇಕು. ಕೆಲವರಿಗೆ ಕುಕ್ಕರಗಾಲಿನಲ್ಲಿ ಕೂಡುವುದು ಹಿಂದಿನಂತೆ ಸಾಧ್ಯವಾಗದೇ ಹೋಗಬಹುದು. ಅಂಥವರಿಗೆ ಮನೆಯಲ್ಲಿ ಎತ್ತರದ ಶೌಚಪೀಠವನ್ನು ಮಾಡಿಸಿಕೊಡಿರಿ. ಚರ್ಮದಡಿಯ ತಂತಿಯು ಚುಚ್ಚುತ್ತಿದ್ದರೆ, ಎಲುಬು ಪೂರ್ತಿ ಕೂಡಿದ ಮೇಲೆ ಶಸ್ತ್ರವೈದ್ಯರು ಅದನ್ನು ತೆಗೆದುಬಿಡುತ್ತಾರೆ.