ಕಛೇರಿಯೂ ಕಾಯಕವಾಗಲಿ, ಕಾಣಿಕೆಯೂ ದಾಸೋಹವಾಗಲಿ



ತಮ್ಮ ದೇಹವನ್ನೇ ವೀಣೆಯನ್ನಾಗಿಸಿಕೊಂಡು ನುಡಿಸಬೇಕೆಂದು ಬಸವಣ್ಣನವರು ಕೂಡಲಸಂಗಮದೇವನಲ್ಲಿ ಮೊರೆಯಿಟ್ಟ ವಚನವು ನಮಗೆಲ್ಲರಿಗೂ ಚಿರಪರಿಚಿತವಾದುದು. ಅದರ ಭಕ್ತಿಭಾವಕ್ಕೆ ನಾವು ಮನಸೋಲುತ್ತೇವೆ. ಆದರೆ ಅದರಲ್ಲಿ ಅಡಗಿರುವ ಇನ್ನೊಂದು ಮಾತನ್ನು ಗಮನಿಸುವವರು ವಿರಳ. ವೀಣೆಯು ತಾನಾಗಿಯೇ ನುಡಿಯುವುದಿಲ್ಲ. ಮರವನ್ನು ಕೊರೆದು ಹದಗೊಳಿಸಬೇಕು, ತಂತಿಯನ್ನು ಬಿಗಿಯಬೇಕು, ಶ್ರುತಿಗೂಡಿಸಬೇಕು. ಆಮೇಲಷ್ಟೇ ನಾದ. ಮಗುವೊಂದು ಗಾಯಕನಾಗುವುದೂ ಹೀಗೆಯೇ. ಶ್ರಾವಣದ ಶಿವಾನುಭವ ಗೋಷ್ಠಿಯಲ್ಲಿ ವಚನಗಾಯನವನ್ನು ಕೇಳಿ ತಲೆದೂಗುವ ನಾವು, ಆ ಕಂಠವು ಯಾರ ಅನ್ನವನ್ನುಂಡು, ಯಾರ ಆಶ್ರಯದಲ್ಲಿ, ಎಷ್ಟು ವರ್ಷಗಳ ಸಾಧನೆಯಿಂದ ಹದಗೊಂಡಿತೆಂದು ವಿಚಾರಿಸುವುದುಂಟೇ?

ಊರಿನ ಮಕ್ಕಳ ಸಂಗೀತ ಶಿಕ್ಷಣಕ್ಕಾಗಿ ಊರಿನವರೇ ಸೇರಿ ಸಹಾಯಾರ್ಥ ಕಛೇರಿಗಳನ್ನು ಏರ್ಪಡಿಸುವುದು ಸ್ತುತ್ಯವಾದ ಕಾರ್ಯ. ಅಂತಹ ಕಛೇರಿಗಳು ಹೇಗಿರಬೇಕೆಂಬುದಕ್ಕೆ ಮಾದರಿಯನ್ನು ದೂರದಲ್ಲೆಲ್ಲೋ ಹುಡುಕಬೇಕಾಗಿಲ್ಲ. ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯೇ ನಮ್ಮ ಕಣ್ಣೆದುರಿಗಿದೆ.

ಗಾನಯೋಗಿ ಪಂಚಾಕ್ಷರ ಗವಾಯಿಗಳು (1892–1944) ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದವರು; ಹುಟ್ಟಿನಿಂದಲೇ ಅಂಧರು. ಹಾನಗಲ್ಲ ಕುಮಾರ ಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದು ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತಗಳೆರಡರಲ್ಲಿಯೂ ಪ್ರಭುತ್ವವನ್ನು ಪಡೆದರು. ತಾವು ಪಡೆದ ವಿದ್ಯೆಯನ್ನು ತಮ್ಮಲ್ಲಿಯೇ ಇರಿಸಿಕೊಳ್ಳದೆ ಅಂಧರಿಗೆ, ಅನಾಥರಿಗೆ, ಬಡವರ ಮಕ್ಕಳಿಗೆ ಧಾರೆಯೆರೆದರು. ಗದುಗಿನಲ್ಲಿ ನೆಲೆ ನಿಲ್ಲುವ ಮೊದಲು ಅವರ ಪಾಠಶಾಲೆಯು ಸಂಚಾರಿಯಾಗಿತ್ತು. ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ಸಾಗುತ್ತಿದ್ದರು. ಮಕ್ಕಳ ಅನ್ನ ವಿದ್ಯೆಗಳ ವೆಚ್ಚಕ್ಕಾಗಿ ನಾಟಕ ಸಂಘವನ್ನೂ ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮದ ಭಾರವನ್ನು ಹೊತ್ತವರು ಅವರ ಅಂಧ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010). ನಾಟಕಗಳನ್ನು ಬರೆದು, ಪುರಾಣ ಪ್ರವಚನಗಳನ್ನು ನಡೆಸಿ, ಊರೂರುಗಳಲ್ಲಿ ಹಾಡಿ ಮಕ್ಕಳನ್ನು ಸಲಹಿದರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ ತುಲಾಭಾರ ಮಾಡಿದರೆ ಆ ಹಣವು ಆಶ್ರಮಕ್ಕೆ ಸಲ್ಲುತ್ತಿತ್ತು. ಗುರುವಿನ ತೂಕವು ಶಿಷ್ಯರ ತುತ್ತಾಗುತ್ತಿತ್ತು!

ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಅಲ್ಲಿ ಹಾಡುವವರು ಯಾಚಕರಾಗಿರಲಿಲ್ಲ, ಕೊಡುವವರು ಧಣಿಗಳಾಗಿರಲಿಲ್ಲ. ಹಾಡಿದ್ದು ಕಾಯಕ, ಕೊಟ್ಟಿದ್ದು ದಾಸೋಹ. ಇಂದು ಕೆಲವೆಡೆ ಸಹಾಯಾರ್ಥ ಕಾರ್ಯಕ್ರಮಗಳ ಭಿತ್ತಿಪತ್ರಗಳಲ್ಲಿ ಮಕ್ಕಳ ಕುರುಡನ್ನೂ ಬಡತನವನ್ನೂ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ, ಅವರ ವಿದ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಸೂಚಿಸುವ ಪರಿಪಾಠ ಕಂಡುಬರುತ್ತದೆ. ಇದು ಸರಿಯಲ್ಲ. ಕರುಣೆಯನ್ನು ಮಾರಿ ತಂದ ಹಣವು ಮಗುವಿನ ಹೊಟ್ಟೆಯನ್ನು ತುಂಬಿಸೀತು, ಆತ್ಮಗೌರವವನ್ನು ಬರಿದು ಮಾಡೀತು. ಕೇಳುಗನು ಕಾಣಿಕೆ ನೀಡುವುದು ಅಯ್ಯೋ ಪಾಪವೆಂದಲ್ಲ, ತಾನು ಪಡೆದ ನಾದಸುಖಕ್ಕೆ ಋಣಿಯಾಗಿ.

ಹೆಸರಾಂತ ಕಲಾವಿದರನ್ನು ಕರೆಸದಿದ್ದರೆ ಜನ ಸೇರುವುದಿಲ್ಲ, ಜನ ಸೇರದಿದ್ದರೆ ಹಣ ಕೂಡುವುದಿಲ್ಲ ಎಂದು ವ್ಯವಸ್ಥಾಪಕರು ಹೇಳುವುದುಂಟು. ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಹಿರಿಯರನ್ನು ಅವಶ್ಯವಾಗಿ ಕರೆಸೋಣ. ಆದರೆ ಯಾರ ಹೆಸರಿನಲ್ಲಿ ಹಣ ಕೂಡಿಸುತ್ತೇವೆಯೋ ಆ ಮಕ್ಕಳು ಅದೇ ವೇದಿಕೆಯಲ್ಲಿ ಹಾಡಬೇಡವೇ? 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪಿಯಲ್ಲಿ ನಡೆದಾಗ ಬಸವರಾಜ ರಾಜಗುರು ಎಂಬ ತರುಣ ಶಿಷ್ಯನು ತನ್ನ ಮೊದಲ ಕಛೇರಿ ನೀಡಿದನು. ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರ ಗವಾಯಿಗಳು! ಶಿಷ್ಯನು ಮುಂದೆ, ಗುರುವು ಪಕ್ಕದಲ್ಲಿ. ಆ ತರುಣನೇ ಮುಂದೆ ನಾಡಿನ ಶ್ರೇಷ್ಠ ಗಾಯಕರಲ್ಲೊಬ್ಬರಾದರು. ಇಂದಿನ ಹಿರಿಯ ಕಲಾವಿದರೂ ಊರಿನ ಒಂದು ಮಗುವಿಗೆ ಹೀಗೆ ಅರ್ಧ ಗಂಟೆ ಪಕ್ಕವಾದ್ಯ ನುಡಿಸಿದರೆ, ಆ ಮಗುವಿಗೆ ಅದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಬೇರೆ ಯಾವುದಿದೆ?

ಇನ್ನು ಹಣದ ವಿಚಾರ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಶರಣೆ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆಯನ್ನು ನಾವು ಪ್ರತಿವರ್ಷ ಕೇಳುತ್ತೇವೆ. ಆ ಎಚ್ಚರವು ನಮ್ಮ ಕಛೇರಿಗಳ ಲೆಕ್ಕಪತ್ರಗಳಲ್ಲಿ ಇದೆಯೇ? ಕೂಡಿದ ಹಣದ ಬಹುಪಾಲು ಪೆಂಡಾಲಿಗೆ, ಧ್ವನಿವರ್ಧಕಕ್ಕೆ, ಹಾರ ತುರಾಯಿ ಸನ್ಮಾನಗಳಿಗೆ ವ್ಯಯವಾಗಿ, ಮಕ್ಕಳಿಗೆ ಉಳಿಯುವುದು ಚಪ್ಪಾಳೆ ಮಾತ್ರವೆಂದಾದರೆ ಅದನ್ನು ಸಹಾಯಾರ್ಥವೆಂದು ಕರೆಯಲು ನಾಚಬೇಕು. ಎಷ್ಟು ಬಂದಿತು, ಎಷ್ಟು ಖರ್ಚಾಯಿತು, ಯಾವ ಮಕ್ಕಳ ಪಾಠಕ್ಕೆ ಎಷ್ಟು ಸಂದಿತು ಎಂಬುದನ್ನು ಅದೇ ಊರಿನ ಸಭೆಯಲ್ಲಿ ಓದಿ ಹೇಳುವ ಪದ್ಧತಿ ಬರಬೇಕು.

ಸಂಗೀತವು ಒಂದು ರಾತ್ರಿಯ ಹಣದಿಂದ ಬರುವ ವಿದ್ಯೆಯಲ್ಲ. ಇಂದು ವಚನ, ದಾಸರ ಪದಗಳನ್ನು ಮನೆಮನೆಗೆ ಮುಟ್ಟಿಸಿರುವ ಪಂಡಿತ ವೆಂಕಟೇಶ ಕುಮಾರರು ಪುಣ್ಯಾಶ್ರಮದಲ್ಲಿ ಪುಟ್ಟರಾಜರ ಸನ್ನಿಧಿಯಲ್ಲಿ ಕಲಿತದ್ದು ಹನ್ನೆರಡು ವರ್ಷ. ಹನ್ನೆರಡು ವರ್ಷವೂ ಪ್ರತಿದಿನ ಎರಡು ಹೊತ್ತು ಊಟ, ಪ್ರತಿದಿನ ಪಾಠ! ತಂಬೂರಿಯ ತಂತಿ ಹರಿಯುತ್ತದೆ, ಹಾರ್ಮೋನಿಯಮ್ಮಿನ ಸ್ವರ ಕೆಡುತ್ತದೆ, ತಬಲಾದ ಚರ್ಮವನ್ನು ಬದಲಿಸಬೇಕಾಗುತ್ತದೆ, ಶಿಕ್ಷಕರ ಮನೆಯ ಒಲೆಯೂ ತಿಂಗಳು ತಿಂಗಳು ಉರಿಯಬೇಕು. ಆದುದರಿಂದ ಕಛೇರಿಯ ದಿನ ಐದುನೂರು ರೂಪಾಯಿ ಕೊಟ್ಟು ಮರೆಯುವುದಕ್ಕಿಂತ, ತಿಂಗಳಿಗೆ ಐವತ್ತು ರೂಪಾಯಿಯಂತೆ ವರ್ಷವಿಡೀ ಕೊಡುವ ಸಂಕಲ್ಪವು ಮೇಲು. ಪ್ರಸಾದ ನಿಲಯಗಳಿಗಾಗಿ ದಿನಕ್ಕೊಂದು ಹಿಡಿ ಧಾನ್ಯವನ್ನು ತೆಗೆದಿಡುತ್ತಿದ್ದ ತಾಯಂದಿರ ಪರಂಪರೆ ನಮ್ಮದು. ಒಂದು ಹಿಡಿಯಿಂದ ಎಷ್ಟು ಮಕ್ಕಳು ಓದಿ ಮುಂದೆ ಬಂದರೆಂಬುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂಬರುವ ಜಾತ್ರೆಯಲ್ಲಿ ಅಬ್ಬರದ ರಸಮಂಜರಿಗೆ ತೆಗೆದಿರಿಸಿದ ಹಣದಲ್ಲಿ ಒಂದು ಪಾಲನ್ನು ಊರಿನ ಸಂಗೀತ ಶಾಲೆಗೆ ಮೀಸಲಿಡಲು ಹಿರಿಯರು ಮನಸ್ಸು ಮಾಡಲಿ. ಒಂದು ಸಂಜೆಯನ್ನು ಊರಿನ ಮಕ್ಕಳ ಗಾಯನಕ್ಕೆ ಬಿಟ್ಟುಕೊಡಲಿ. ತಪ್ಪು ಸ್ವರ ಬಂದರೂ ಸಹನೆಯಿಂದ ಕೇಳೋಣ. ಶ್ರುತಿ ಕೂಡುವವರೆಗೆ ಕಾಯುವುದೂ ದಾಸೋಹವೇ.